ಅಪ್ಪ ಅಮ್ಮನ್ನ ಕರ್ಕೊಂಡು ಫಿಲೋಲಿ ತೋಟಕ್ಕೆ ಒಂದು ದಿನದ ಹೈಕ್, ಹೇಗೆ ಪ್ಲಾನ್ ಮಾಡೋದು?

ಸಾಗರದವಳು:

ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಜನವರಿ ಕೊನೇಲಿ ಸಾಗರದಿಂದ ಇಲ್ಲಿ ಕ್ಯಾಲಿಫೋರ್ನಿಯಾಗೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಂದಿದಾರೆ, ಇನ್ನೂ ಮೂರು ತಿಂಗಳು ಇರ್ತಾರೆ. ಗೋಲ್ಡನ್ ಗೇಟ್ ಆಯ್ತು, ಲಿವರ್‌ಮೋರ್ ದೇವಸ್ಥಾನ ಎರಡು ಸಲ ಆಯ್ತು, ಕಾಸ್ಟ್‌ಕೋ ಅಂತೂ ಲೆಕ್ಕ ಇಲ್ಲ. ಈಗ ಇಬ್ರೂ ಮನೇಲಿ ಕೂತು ಬೇಜಾರಾಗಿ ಒಬ್ರ ಮೇಲೊಬ್ರು ರೇಗಾಡ್ತಾ ಇದಾರೆ.

ವಿಷ್ಯ ಏನಪ್ಪಾ ಅಂದ್ರೆ ಅಪ್ಪನಿಗೆ ನಡೀಬೇಕು. ರಿಟೈರ್ಡ್ ಸೈನ್ಸ್ ಮೇಷ್ಟ್ರು, ಎಪ್ಪತ್ತಾದ್ರೂ ದಿನಾ ಬೆಳಿಗ್ಗೆ ಎರಡು ಮೈಲಿ ಹೋಗಿ ಬರ್ತಾರೆ, ಕಲ್ಲು ಮಣ್ಣು ಗಿಡ ಅಂದ್ರೆ ನಿಂತು ನೋಡೋ ಜಾತಿ. ಅಮ್ಮನಿಗೆ ಮಂಡಿ ನೋವು, ಗುಡ್ಡ ಹತ್ತೋದು ಅಂದ್ರೆ "ನೀವು ಹೋಗ್ಬನ್ನಿ ನಾನು ಕಾರಲ್ಲಿ ಕೂತಿರ್ತೀನಿ" ಅಂತಾರೆ, ಆದ್ರೆ ಹೂವು ಅಂದ್ರೆ ಎಷ್ಟು ದೂರ ಬೇಕಾದ್ರೂ ನಡೀತಾರೆ, ಆಗ ಮಂಡಿ ಎಲ್ಲಿ ಹೋಗಿರತ್ತೋ ಗೊತ್ತಿಲ್ಲ. ಊರಲ್ಲಿ ಹಿತ್ಲು ತುಂಬ ಡೇಲಿಯಾ, ಸೇವಂತಿಗೆ, ಗುಲಾಬಿ ಹಾಕಿ ಬಂದಿದಾರೆ, ದಿನಾ ಅಕ್ಕನಿಗೆ ಫೋನ್ ಮಾಡಿ ನೀರು ಹಾಕಿದ್ಯಾ ಅಂತ ವಿಚಾರಣೆ.

ಆಫೀಸಲ್ಲಿ ಒಬ್ರು ವುಡ್‌ಸೈಡ್ ಹತ್ರ ಫಿಲೋಲಿ ಅಂತ ಒಂದು ಹಳೇ ಶ್ರೀಮಂತರ ಎಸ್ಟೇಟ್ ಇದೆ, ತೋಟ ತುಂಬಾ ಚೆನ್ನಾಗಿದೆ, ಒಳಗೇ ಟ್ರೇಲ್ ಕೂಡ ಇದೆ ಅಂದ್ರು. ಟಿಕೆಟ್ ನೋಡಿದ್ರೆ ಮೂರು ಜನಕ್ಕೆ ಒಳ್ಳೇ ಊಟಕ್ಕಿಂತ ಜಾಸ್ತಿ. ಅಪ್ಪ ಈಗ್ಲೇ "ಗಿಡ ನೋಡಕ್ಕೆ ದುಡ್ಡು ಕೊಡ್ಬೇಕಾ, ನಮ್ಮನೇಲಿ ಬಂದು ನೋಡ್ಲಿ ನಾನು ಫ್ರೀಯಾಗಿ ತೋರಿಸ್ತೀನಿ" ಅಂತ ಶುರು ಮಾಡಿದಾರೆ.

ಹೋಗಿರೋರು ಹೇಳಿ ಪ್ಲೀಸ್. ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋ ತರ ಸ್ವಲ್ಪ ಹೈಕ್ ಸ್ವಲ್ಪ ತೋಟ ಎರಡೂ ಆಗತ್ತಾ? ಫೆಬ್ರವರಿ ಕೊನೇಲಿ ಏನಾದ್ರೂ ಹೂ ಇರತ್ತಾ ಅಥ್ವಾ ಏಪ್ರಿಲ್ ತನಕ ಕಾಯೋದು ಒಳ್ಳೇದಾ? ಮತ್ತೆ ಊಟ ಕಟ್ಕೊಂಡು ಹೋಗ್ಬಹುದಾ, ಅಮ್ಮ ಹೊರಗಡೆ ತಿನ್ನಲ್ಲ.

ಚಪ್ಪಲಿ_ಚಾರಣಿಗ:

ನಾನು ಅಲ್ಲಿಗೆ ಒಂದು ಏಳೆಂಟು ಸಲ ಹೋಗಿದೀನಿ, ಎರಡು ವರ್ಷ ಮೆಂಬರ್‌ಶಿಪ್ ಕೂಡ ಇತ್ತು. ಧೈರ್ಯವಾಗಿ ಕರ್ಕೊಂಡು ಹೋಗಿ. ಆದ್ರೆ ಒಂದು ಮಾತು, ಫಿಲೋಲಿ ಒಳಗಿನ ಎಸ್ಟೇಟ್ ಟ್ರೇಲ್ ಸುಮಾರು ಒಂದು ಮೈಲಿ ಅಷ್ಟೇ, ಅದನ್ನ ಹೈಕ್ ಅಂದ್ರೆ ನಿಮ್ಮಪ್ಪ ನಗ್ತಾರೆ. ಹಾಗಾಗಿ ನಾನು ಮಾಡೋದು ಏನಂದ್ರೆ ಬೆಳಿಗ್ಗೆ ಎಡ್ಜ್‌ವುಡ್ ಪಾರ್ಕ್, ಮಧ್ಯಾಹ್ನ ಫಿಲೋಲಿ. 280 ಹೈವೇಲಿ ಎಡ್ಜ್‌ವುಡ್ ರೋಡ್ ಎಕ್ಸಿಟ್ ತಗೊಂಡ್ರೆ ಪೂರ್ವಕ್ಕೆ ಹೋದ್ರೆ ಎಡ್ಜ್‌ವುಡ್, ಪಶ್ಚಿಮಕ್ಕೆ ಹೋಗಿ ಬಲಕ್ಕೆ ತಿರುಗಿದ್ರೆ ಫಿಲೋಲಿ. ಎರಡರ ಮಧ್ಯೆ ಕಾರಲ್ಲಿ ಹತ್ತು ನಿಮಿಷಾನೂ ಇಲ್ಲ. ಆ ಬಲಕ್ಕೆ ತಿರುಗೋ ರೋಡಿನ ಹೆಸ್ರು ಕನ್ಯಾಡ ರೋಡ್, ಸ್ಪ್ಯಾನಿಷ್ ಪದ, ಕಣಿವೆ ಅಂತ ಅರ್ಥ, ನಮ್ಮ ಗ್ಯಾಂಗಲ್ಲಿ ಮಾತ್ರ ಎಲ್ರೂ ಕನ್ನಡ ರೋಡ್ ಅಂತಾನೇ ಕರೆಯೋದು.

ಎಡ್ಜ್‌ವುಡ್ 467 ಎಕರೆ, ಎಂಟ್ರಿ ಫ್ರೀ (ಅಪ್ಪನಿಗೆ ಇದನ್ನ ಮೊದ್ಲು ಹೇಳಿ). ಅಲ್ಲಿ ಸರ್ಪೆಂಟೈನ್ ಕಲ್ಲು ಇದೆ, ಹಸಿರು ಹಸಿರಾಗಿ ನುಣ್ಣಗೆ ಹಾವಿನ ಚರ್ಮದ ತರ. ಆ ಕಲ್ಲು ಸವೆದು ಆದ ಮಣ್ಣಲ್ಲಿ ಕ್ಯಾಲ್ಸಿಯಂ ಕಮ್ಮಿ, ಮೆಗ್ನೀಸಿಯಂ ಜಾಸ್ತಿ, ಮೇಲಿಂದ ನಿಕಲ್ ಕ್ರೋಮಿಯಂ ಬೇರೆ. ಸಾಮಾನ್ಯ ಹುಲ್ಲು ಆ ಮಣ್ಣಲ್ಲಿ ಸರಿಯಾಗಿ ಬರಲ್ಲ, ಅದಕ್ಕೇ ಯುರೋಪಿಂದ ಬಂದ ಕಳೆ ಹುಲ್ಲು ಕ್ಯಾಲಿಫೋರ್ನಿಯಾ ಪೂರ್ತಿ ನುಂಗಿ ಹಾಕಿದ್ರೂ ಇಲ್ಲಿ ಮಾತ್ರ ಸ್ಥಳೀಯ ಕಾಡುಹೂಗಳು ಉಳ್ಕೊಂಡಿವೆ. ಬಡ ಮಣ್ಣೇ ಅವನ್ನ ಕಾಪಾಡಿದ್ದು. ತಮಾಷೆ ಏನಂದ್ರೆ 280ರಲ್ಲಿ ಓಡಾಡೋ ನಮ್ಮ ಕಾರುಗಳ ಹೊಗೆಯಲ್ಲಿರೋ ನೈಟ್ರೋಜನ್ ಆ ಮಣ್ಣಿಗೆ ಬಿದ್ದು ಪುಕ್ಸಟ್ಟೆ ಗೊಬ್ಬರ ಆಯ್ತು, ಕಳೆ ಹುಲ್ಲು ಬೆಳೀತು, ಬೇ ಚೆಕರ್‌ಸ್ಪಾಟ್ ಅಂತ ಒಂದು ಚಿಟ್ಟೆ, ಅದರ ಮರಿಹುಳ ತಿನ್ನೋ ಪುಟ್ಟ ಗಿಡ ಹುಲ್ಲಿನ ಕೆಳಗೆ ಮುಚ್ಚಿಹೋಗಿ ಚಿಟ್ಟೆನೇ ಅಲ್ಲಿಂದ ನಾಪತ್ತೆ ಆಯ್ತು. ಆಮೇಲೆ ಬೇರೆ ಕಡೆಯಿಂದ ತಂದು ಬಿಟ್ಟಿದಾರೆ. ಈ ಜಾಗದಲ್ಲಿ ಗಾಲ್ಫ್ ಕೋರ್ಸ್ ಮಾಡ್ಬೇಕು ಅಂತಿದ್ರು, ಜನ ವರ್ಷಗಟ್ಲೆ ಜಗಳ ಆಡಿ 1993ರಲ್ಲಿ ಸಂರಕ್ಷಿತ ಜಾಗ ಅಂತ ಮಾಡಿಸಿದ್ರು.

ಅಲ್ಲಿ ಸಿಲ್ವನ್ ಟ್ರೇಲ್ ಹಿಡಿದು ಮೇಲೆ ಹತ್ತಿ ಸರ್ಪೆಂಟೈನ್ ಲೂಪ್ ಸುತ್ತಿ ಬಂದ್ರೆ ಆರಾಮಾಗಿ ಎರಡು ಎರಡೂವರೆ ಗಂಟೆ. ಅಮ್ಮನಿಗೆ ಆಗಲ್ಲ ಅಂದ್ರೆ ಗೇಟ್ ಹತ್ರಾನೇ ಓಕ್ ಮರದ ಕೆಳಗೆ ಪಿಕ್ನಿಕ್ ಟೇಬಲ್ ಇದೆ, ಅಲ್ಲಿ ಒಬ್ರು ಜೊತೆಗೆ ಕೂರಿ. ಊಟಾನೂ ಅಲ್ಲೇ ಮುಗ್ಸಿ, ಆಮೇಲೆ ಫಿಲೋಲಿ.

ಫಿಲೋಲಿ ಬಗ್ಗೆ ಸ್ವಲ್ಪ ಓದ್ಕೊಂಡು ಹೋದ್ರೆ ಚೆನ್ನಾಗಿರತ್ತೆ ಇಲ್ಲಾಂದ್ರೆ ಬರೀ ಫೋಟೋ ಹೊಡ್ಕೊಂಡು ಬರೋದಾಗತ್ತೆ. ವಿಲಿಯಂ ಬೋರ್ನ್ ಅಂತ ಒಬ್ಬ, ಗ್ರಾಸ್ ವ್ಯಾಲಿಯ ಎಂಪೈರ್ ಚಿನ್ನದ ಗಣಿ ಅವನ್ದು, 1915ರಿಂದ 17ರ ಒಳಗೆ ಈ ಮನೆ ಕಟ್ಸಿದ. ಆರ್ಕಿಟೆಕ್ಟ್ ವಿಲಿಸ್ ಪೋಕ್, ತೋಟದ ವಿನ್ಯಾಸ ಬ್ರೂಸ್ ಪೋರ್ಟರ್, ಹೂವಿನ ಬಣ್ಣದ ಜೋಡಣೆ ಇಸಬೆಲ್ಲಾ ವಾರ್ನ್. ಒಟ್ಟು 654 ಎಕರೆ, ಅದ್ರಲ್ಲಿ ಕತ್ತರಿಸಿ ಒಪ್ಪ ಮಾಡಿರೋ ತೋಟ 16 ಎಕರೆ. ಹೆಸ್ರು ಏನೋ ಇಟಾಲಿಯನ್ ಅನ್ಕೊಂಡಿದ್ದೆ, ಅಲ್ವಂತೆ. ನ್ಯಾಯಕ್ಕಾಗಿ ಹೋರಾಡು, ಜೊತೆಯವರನ್ನ ಪ್ರೀತಿಸು, ಚೆನ್ನಾಗಿ ಬಾಳು, ಇದನ್ನ ಇಂಗ್ಲಿಷಲ್ಲಿ ಬರೆದು ಫೈಟ್, ಲವ್, ಲಿವ್ ಮೂರರ ಮೊದಲೆರಡು ಅಕ್ಷರ ಜೋಡಿಸಿದ್ರೆ ಫಿಲೋಲಿ. 1937ರಲ್ಲಿ ರಾತ್ ಅನ್ನೋ ಕುಟುಂಬ ತಗೊಳ್ತು, ಆಯಮ್ಮ ಲರ್ಲೈನ್ ರಾತ್ ಹವಾಯಿಗೆ ಹಡಗು ಓಡಿಸ್ತಿದ್ದ ಮ್ಯಾಟ್ಸನ್ ಕಂಪನಿ ಮನೆತನದೋಳು, ತೋಟದ ಹುಚ್ಚು. 1975ರಲ್ಲಿ ಮನೆ, ತೋಟ ಎರಡನ್ನೂ ಸಾರ್ವಜನಿಕರಿಗೆ ಅಂತ ಹಳೇ ಕಟ್ಟಡ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಕೊಟ್ಬಿಟ್ಳು.

ತಿಂಗಳ ಲೆಕ್ಕ: ಫೆಬ್ರವರಿ ಕೊನೆ ಮಾರ್ಚ್ ಶುರು ಡ್ಯಾಫೊಡಿಲ್, ಕ್ಯಾಮೆಲಿಯಾ, ಮ್ಯಾಗ್ನೋಲಿಯಾ. ಆಮೇಲೆ ಟ್ಯುಲಿಪ್, ವಿಸ್ಟೀರಿಯಾ. ಗುಲಾಬಿ ಬೇಕಂದ್ರೆ ಮೇ. ಎಡ್ಜ್‌ವುಡ್ ಕಾಡುಹೂ ಅಂದ್ರೆ ಏಪ್ರಿಲ್. ಎಲ್ಲಾ ಹೂ ಒಟ್ಟಿಗೆ ಸಿಗೋ ದಿನ ಅಂತ ಇಲ್ಲ, ಒಂದನ್ನ ಆರಿಸ್ಕೋಬೇಕು. ಟಿಕೆಟ್ ಮೊದ್ಲೇ ಆನ್‌ಲೈನಲ್ಲಿ ತಗೊಳಿ.

ಬಸವನಗುಡಿ_ಬಾಬು:

ಎಲ್ರೂ ಬೈತೀರ ಗೊತ್ತು ಆದ್ರೂ ಹೇಳ್ತೀನಿ, ನಂಗೆ ಫಿಲೋಲಿ ಅಷ್ಟೇನೂ ಹಿಡಿಸ್ಲಿಲ್ಲ. ಲಾಲ್‌ಬಾಗ್ 240 ಎಕರೆ, ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಒಳಗೆ ಮುನ್ನೂರು ಕೋಟಿ ವರ್ಷದ ಬಂಡೆ ಇದೆ, ಗ್ಲಾಸ್ ಹೌಸ್ ಇದೆ, ಚಿಲ್ಲರೆ ಕಾಸಿಗೆ ಒಳಗೆ ಬಿಡ್ತಾರೆ. ಇಲ್ಲಿ ನೂರು ವರ್ಷದ ಮನೆಗೆ ಹಿಸ್ಟಾರಿಕ್ ಹಿಸ್ಟಾರಿಕ್ ಅಂತ ಕುಣೀತಾರೆ, ನಮ್ಮ ಚಿಕ್ಕಪ್ಪನ ಮನೆ ಇದಕ್ಕಿಂತ ಹಳೇದು. ಮತ್ತೆ ಎಲ್ಲಾ ಗಿಡನೂ ಸ್ಕೇಲ್ ಇಟ್ಟು ಕತ್ತರಿಸಿರೋದು, ಒಂದು ಎಲೆ ಕೆಳಗೆ ಬಿದ್ದಿರಲ್ಲ, ಕ್ಷೌರದಂಗಡಿಗೆ ಹೋಗಿ ಬಂದಂಗಿತ್ತು ನಂಗಂತೂ.

ತೋಟ ಬೇಕಂದ್ರೆ ಸರಟೋಗಾದಲ್ಲಿ ಹಕೋನೆ ಇದೆ, ಜಪಾನಿ ತೋಟ, ಸಣ್ಣದು, ಸನಿವೇಲಿಂದ ಹತ್ರ. ಅಲ್ಲಿಗೆ ಹೋಗಿ.

ಚಪ್ಪಲಿ_ಚಾರಣಿಗ:

ಬಾಬು ಅವ್ರೇ ನಿಮ್ಮ ಚಿಕ್ಕಪ್ಪನ ಮನೆ ಹಿಂದುಗಡೆ ಭೂಕಂಪದ ಬಿರುಕು ಹೋಗತ್ತಾ? ಫಿಲೋಲಿ ಎಸ್ಟೇಟಲ್ಲಿ ಸ್ಯಾನ್ ಆಂಡ್ರಿಯಾಸ್ ಫಾಲ್ಟೇ ಹಾದುಹೋಗತ್ತೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆಗಿ ಹತ್ತು ವರ್ಷ ಆಗಿರ್ಲಿಲ್ಲ, ಊರೆಲ್ಲಾ ಸುಟ್ಟು ಬೂದಿ ಆಗಿದ್ದನ್ನ ನೋಡಿದ ಮನುಷ್ಯ ಬಂದು ಅದೇ ಫಾಲ್ಟ್ ಪಕ್ಕ ಇಟ್ಟಿಗೆ ಮನೆ ಕಟ್ಸಿದಾನೆ. ಮೇಷ್ಟ್ರಿಗೆ ಇದನ್ನ ಹೇಳಿ, ಟಿಕೆಟ್ ದುಡ್ಡು ಅಲ್ಲೇ ವಸೂಲು.

ಕತ್ತರಿ ವಿಷಯ ಒಪ್ಕೋತೀನಿ. ಒಂದು ಕಡೆ ಹೂವಿನ ಪಾತಿಗಳನ್ನ ಫ್ರಾನ್ಸಿನ ಶಾರ್ತ್ರ್ ಚರ್ಚಿನ ಬಣ್ಣದ ಗಾಜಿನ ಕಿಟಕಿ ತರ ಮಾಡಿದಾರೆ, ಬಾಕ್ಸ್‌ವುಡ್ ಬೇಲಿನೇ ಸೀಸದ ಕಟ್ಟು, ಮಧ್ಯೆ ಹೂವೇ ಗಾಜು. ನಂಗೂ ಅದು ಸ್ವಲ್ಪ ಅತಿ ಅನ್ಸಿತ್ತು. ಆದ್ರೆ ಗೋಡೆ ದಾಟಿ ಆಚೆ ನೋಡಿದ್ರೆ ಕಾಡು ಗುಡ್ಡ ಮಂಜು, ಆಗ ಆ ಕತ್ತರಿ ಕೆಲಸ ಯಾಕೆ ಅಂತ ಗೊತ್ತಾಗತ್ತೆ.

ಹುಬ್ಬಳ್ಳಿ_ಹೈಕರ್:

ಅಕ್ಕಾರ, ಒಂದ್ ಮಾತ್ ನೆನಪಿಟ್ಕೊಳ್ರಿ, ಪಾಯ್ಸನ್ ಓಕ್. ಎಡ್ಜ್‌ವುಡ್‌ನ್ಯಾಗ ಸಿಕ್ಕಾಪಟ್ಟಿ ಅದ. ಮೂರ್ ಮೂರ್ ಎಲಿ ಇದ್ದದ್ದು ಮುಟ್ಟಬ್ಯಾಡ್ರಿ ಅಂತ ಎಲ್ಲಾರೂ ಹೇಳ್ತಾರ, ಆದ್ರ ಫೆಬ್ರವರಿ ಒಳಗ ಎಲಿನ ಇರಂಗಿಲ್ಲ, ಬರೇ ಒಣ ಕಡ್ಡಿ ನಿಂತಿರ್ತದ, ಆ ಕಡ್ಡಿ ತಾಗಿದ್ರೂ ತುರಿಕಿ ಬರ್ತದ. ಕರಾವಳಿ ಮಂದಿ ಚೇರೆ ಮರ ಅಂತಾರಲ್ಲ, ನೆರಳಿಗೆ ಹೋದ್ರೂ ಮೈ ಉರೀತದ ಅಂತ, ಅದೂ ಇದೂ ಒಂದ ಬಳಗ, ಗೇರು ಮಾವು ಎಲ್ಲಾ ಅದ ಕುಟುಂಬ. ನಮ್ಮವ್ವ ಬಂದಾಗ "ಎಷ್ಟ್ ಚಂದ ಕೆಂಪ್ ಎಲಿ" ಅಂತ ಹಿಡ್ದ ನಿಂತಿದ್ಲು, ಎರಡ್ ವಾರ ಕ್ಯಾಲಮೈನ್ ಹಚ್ಚಿದ್ವಿ. ಇನ್ಶೂರೆನ್ಸ್ ಮಾಡ್ಸಿರ್ಲಿಲ್ಲ, ಆ ಕಥಿ ಬ್ಯಾಡ ಬಿಡ್ರಿ.

ಹಿರೇರಿಗೆ ಹಗ್ಗದ ಚಪ್ಪಲ್ ಬ್ಯಾಡ, ಮಳಿ ಆದಮ್ಯಾಲೆ ಆ ಸರ್ಪೆಂಟೈನ್ ಮಣ್ಣು ಬೆಣ್ಣಿ ಇದ್ದಂಗ ಜಾರ್ತದ. ಮತ್ತ ನಾಯಿ ಒಯ್ಯಂಗಿಲ್ಲ, ನಿಮ್ದು ಇದ್ರ ಮನ್ಯಾಗ ಬಿಡ್ರಿ.

ಇನ್ನೊಂದ್ ಐಡಿಯಾ. ಭಾನುವಾರ ಸುಮಾರ್ ಸಲ ಆ ನಿಮ್ಮ ಕನ್ನಡ ರೋಡನ್ನ ಫಿಲೋಲಿಯಿಂದ ಹೈವೇ 92 ತನಕ ಕಾರಿಗೆ ಬಂದ್ ಮಾಡ್ತಾರ, ಬರೇ ಸೈಕಲ್ಲು, ನಡ್ಯಾವ್ರು. ಅವತ್ತ ಡಾಂಬರ್ ರಸ್ತಾದ ಮ್ಯಾಲೇ ಪಲ್ಗಸ್ ವಾಟರ್ ಟೆಂಪಲ್ ತನಕ ನಡ್ಕೊಂತ ಹೋಗ್ಬೋದು, ಭಾಳ ದೂರ ಇಲ್ಲ, ಏರೂ ಜಾಸ್ತಿ ಇಲ್ಲ. ಮಂಡಿ ನೋವಿನವ್ರಿಗೆ ಅದ ಚೊಲೊ.

ಬಂಗಾರಪೇಟೆ_ಹುಡ್ಗ:

ಎಂಪೈರ್ ಮೈನ್ ಅಂತ ನೋಡಿ ಸುಮ್ನೆ ಇರಕ್ಕಾಗ್ಲಿಲ್ಲ. ನಮ್ಮೂರು ಬಂಗಾರಪೇಟೆ, ನಮ್ಮ ತಾತ ಕೆಜಿಎಫ್‌ನಾಗೆ ಮೊದ್ಲು ಸುರಂಗದಾಗೆ ಇದ್ದೋರು, ಕಾಲಿಗೆ ಏಟಾದ್ಮೇಲೆ ಚಾಂಪಿಯನ್ ರೀಫ್ ಕಡೆ ಒಬ್ಬ ದೊರೆ ಬಂಗ್ಲೆನಾಗೆ ಮಾಲಿ. ಸ್ವೀಟ್ ಪೀ ಹೂವನ್ನ ಸೀಟ್ ಬಟಾಣಿ ಅಂತಿದ್ರು, ಹಾಲಿಹಾಕನ್ನ ಆಳಿಯಾಕು ಅಂತಿದ್ರು, ನಾವು ಬಟಾಣಿ ಕಾಯಿ ಬಿಡ್ತದಾ ತಾತ ಅಂತ ಕೇಳ್ತಿದ್ವಿ. ಬ್ರಿಟಿಷ್ ಹೂವಿನ ಹೆಸ್ರು ಅಷ್ಟೂ ಬರ್ತಿತ್ತು ಆದ್ರೆ ನಮ್ಮನೆ ಮುಂದೆ ಒಂದು ಗಿಡ ಹಾಕ್ಲಿಲ್ಲ ಮನುಷ್ಯ. ಕೇಳಿದ್ರೆ "ದಿನಾ ಮಾಡೋ ಕೆಲ್ಸ ಮನೇಲೂ ಮಾಡ್ಬೇಕಾ" ಅಂತಿದ್ರು.

ನಾನು ಮೂರು ವರ್ಷದ ಹಿಂದೆ ಗ್ರಾಸ್ ವ್ಯಾಲಿಗೆ ಹೋಗಿದ್ದೆ, ಆ ಗಣಿ ಈಗ ಸ್ಟೇಟ್ ಪಾರ್ಕು. ನೋಡಿ ಒಂದು ನಿಮಿಷ ತಲೆ ಕೆಟ್ಟೋಯ್ತು ಯಾಕಂದ್ರೆ ಅದೇ ಕೆಜಿಎಫ್. ಅದೇ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು, ತವರದ ಗಣಿ ನಿಂತೋದ್ಮೇಲೆ ಅವ್ರು ಎಲ್ಲೆಲ್ಲಿ ಭೂಮಿನಾಗೆ ತೂತು ಇತ್ತೋ ಅಲ್ಲಿಗೆಲ್ಲಾ ಹೋದ್ರು, ಗ್ರಾಸ್ ವ್ಯಾಲಿಗೂ ಬಂದ್ರು, 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದ್ಮೇಲೆ ನಮ್ಮ ಕಡೆಗೂ ಬಂದ್ರು. ಗ್ರಾಸ್ ವ್ಯಾಲಿನಾಗೆ ಇವತ್ತಿಗೂ ಪೇಸ್ಟಿ ಮಾರ್ತಾರೆ, ಮಾಂಸ ಆಲೂಗಡ್ಡೆ ತುಂಬಿದ ದೊಡ್ಡ ಕರಿಗಡುಬು ಅನ್ಕೊಳಿ. ಅಲ್ಲೂ ಬೋರ್ನ್‌ದು ಒಂದು ಬಂಗ್ಲೆ ಐತೆ, ಗಣಿಯಿಂದ ತೆಗೆದು ಬಿಸಾಕಿದ ಕಲ್ಲಿನಾಗೇ ಕಟ್ಟಿರೋದು, ಅದ್ಕೂ ಅದೇ ವಿಲಿಸ್ ಪೋಕ್, ಸುತ್ತ ಗುಲಾಬಿ ತೋಟ. ಆಚೆಗೆ ನಡ್ಕೊಂಡು ಹೋದ್ರೆ ಗಣಿ ಮಣ್ಣಿನಾಗೆ ಆರ್ಸೆನಿಕ್ ಐತೆ ಹುಷಾರು ಅಂತ ಬೋರ್ಡು. ನಮ್ ಕಡೆ ಸಯನೈಡ್ ದಿಬ್ಬ, ಅವ್ರ ಕಡೆ ಆರ್ಸೆನಿಕ್ಕು.

ಎಂಪೈರ್‌ದು 367 ಮೈಲಿ ಸುರಂಗ, ಒಟ್ಟು ತೆಗೆದ ಚಿನ್ನ 58 ಲಕ್ಷ ಔನ್ಸ್ ಅಂತೆ, ಅಂದ್ರೆ ಸುಮಾರು 180 ಟನ್. ನಮ್ದು 800 ದಾಟ್ತದೆ, ಆಳನೂ ಮೂರು ಕಿಲೋಮೀಟರ್ ಮೇಲೆ. ಸುಮ್ನೆ ಹೇಳ್ದೆ, ಜಂಬ ಅಲ್ಲ (ಜಂಬನೇ). ಎಂಪೈರ್ ಮುಚ್ಚಿದ್ದು 1956, ಅದೇ ವರ್ಷ ನಮ್ಮ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದ್ವು. ನಮ್ದು 2001ರ ತನಕ ಓಡ್ತು.

ನಾನು ಹೇಳಕ್ಕೆ ಬಂದಿದ್ದು ಏನಂದ್ರೆ, ಫಿಲೋಲಿಗೆ ಹೋದಾಗ ಅಲ್ಲಿ ಮನೆಯೋರ ಫೋಟೋ, ಪಿಂಗಾಣಿ, ಗಡಿಯಾರ ಎಲ್ಲಾ ನೋಡ್ತೀರ, ಆ ತೋಟ ನೆಲದ ಮೇಲೆ 16 ಎಕರೆ ಇರ್ಬೋದು, ಅದ್ರ ಬೇರು 150 ಮೈಲಿ ಆಚೆ ಗ್ರಾಸ್ ವ್ಯಾಲಿ ಸುರಂಗದಾಗೆ ಐತೆ. ಹೋಗ್ಬೇಡಿ ಅಂತ ಅಲ್ಲ. ನಾನೇ ಎರಡು ಸಲ ಹೋಗಿದೀನಿ. ಆ ಸಾಲು ಯೂ ಅನ್ನೋ ನಿತ್ಯಹಸಿರು ಮರ ನೋಡಿ ನಮ್ ತಾತ ಇದ್ದಿದ್ರೆ ಏನಂತಿದ್ರು ಅಂತ ನಿಂತ್ಕೊಂಡಿದ್ದೆ, "ಎಷ್ಟು ಜನ ಮಾಲಿಗಳವ್ರೆ ಇಲ್ಲಿ" ಅಂತ ಅದೊಂದೇ ಕೇಳ್ತಿದ್ರು.

ನೀರಿನ_ಲೆಕ್ಕ:

ಬಂಗಾರಪೇಟೆ ಅವ್ರು ಚಿನ್ನದ್ದು ಹೇಳಿದ್ರು, ನಾನು ನೀರಿಂದು ಹೇಳ್ತೀನಿ, ಸಿವಿಲ್ ಇಂಜಿನಿಯರ್ ಅಲ್ವಾ ಬಾಯಿ ಸುಮ್ನಿರಲ್ಲ. ಬೋರ್ನ್ ಬರೀ ಗಣಿ ಧಣಿ ಅಲ್ಲ, ಸ್ಪ್ರಿಂಗ್ ವ್ಯಾಲಿ ವಾಟರ್ ಕಂಪನಿ ಅವನ ಹಿಡಿತದಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಊರಿಗೆ ನೀರು ಮಾರ್ತಿದ್ದ ಖಾಸಗಿ ಕಂಪನಿ, ಪೂರ್ತಿ ಏಕಸ್ವಾಮ್ಯ. ಬೆಳ್ಳಂದೂರು ಕಡೆ ಟ್ಯಾಂಕರ್‌ನೋರು ಇದಾರಲ್ಲ, ಅವ್ರೆಲ್ಲಾ ಸೇರಿ ಒಬ್ನೇ ಆಗಿ ಕೆರೆ, ಕಾಲುವೆ, ಸುತ್ತಲ ಕಾಡು ಎಲ್ಲಾ ಅವನ ಹೆಸರಲ್ಲೇ ಇದ್ರೆ ಹೇಗಿರತ್ತೋ ಹಾಗೆ. ಫಿಲೋಲಿ ಇರೋದು ಆ ಕಂಪನಿ ಕಟ್ಟಿದ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯದ ದಕ್ಷಿಣದ ತುದೀಲಿ. ಐರ್ಲೆಂಡಿನ ಕಿಲಾರ್ನಿ ಸರೋವರಗಳ ನೆನಪಾಗತ್ತೆ ಅಂತ ಆ ಜಾಗ ಆರಿಸಿದ್ನಂತೆ.

ಊರಿನೋರು ಇವ್ರ ಕಾಟ ತಡೀಲಾರದೆ ಯೊಸೆಮಿಟಿ ಒಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಿ ನೂರರವತ್ತು ಮೈಲಿಗಿಂತ ಜಾಸ್ತಿ ದೂರದಿಂದ ನೀರು ತಂದ್ರು. 1930ರಲ್ಲಿ ಸ್ಪ್ರಿಂಗ್ ವ್ಯಾಲಿಯನ್ನ ಸುಮಾರು 4 ಕೋಟಿ ಡಾಲರ್ ಕೊಟ್ಟು ಊರೇ ಕೊಂಡ್ಕೊಳ್ತು, 1934ರಲ್ಲಿ ಹೆಚ್ ಹೆಚಿ ನೀರು ಇಲ್ಲಿಗೆ ಬಂತು. ಆ ಖುಷಿಗೆ ಕಟ್ಟಿದ್ದೇ ಪಲ್ಗಸ್ ವಾಟರ್ ಟೆಂಪಲ್. ಹೆಸರಿಗೆ ಟೆಂಪಲ್, ಒಳಗೆ ದೇವ್ರಿಲ್ಲ, ಗುಂಡಗೆ ಕಂಬಗಳು, ಮೇಲೆ ಬೈಬಲ್ ಮಾತು: ಅರಣ್ಯದಲ್ಲಿ ನೀರನ್ನೂ ಮರುಭೂಮಿಯಲ್ಲಿ ನದಿಗಳನ್ನೂ ಕೊಡ್ತೀನಿ ಅಂತ. ನಮ್ಮಲ್ಲಿ ಕೆರೆ ತುಂಬಿದ್ರೆ ಬಾಗಿನ ಬಿಡ್ತಾರಲ್ಲ, ಇವ್ರದ್ದು ಕಲ್ಲಿನ ಬಾಗಿನ ಅನ್ಕೊಳಿ. ವೀಕೆಂಡಲ್ಲಿ ಅಲ್ಲಿ ಪಾರ್ಕಿಂಗ್ ಬಂದ್, ಹುಬ್ಬಳ್ಳಿಯವ್ರು ಹೇಳ್ದಂಗೆ ನಡ್ಕೊಂಡೇ ಹೋಗ್ಬೇಕು. ಹೋಗಿ ಬನ್ನಿ, ಜಲಾಶಯದ ಸುತ್ತ 23,000 ಎಕರೆ ಬೇಲಿ ಹಾಕಿ ಜನರನ್ನ ಬಿಡದೆ ಇಟ್ಟಿದಾರೆ, ಅದಕ್ಕೇ ಆ ಗುಡ್ಡ ಇನ್ನೂ ಹಸಿರಾಗಿದೆ. ಅರ್ಕಾವತಿ ಸುತ್ತ ಹೀಗೆ ಮಾಡಿದ್ರೆ, ಹೋಗ್ಲಿ ಬಿಡಿ ಬಿಪಿ ಜಾಸ್ತಿ ಆಗತ್ತೆ.

ಸಾಗರದವಳು:

ಎಲ್ರಿಗೂ ಥ್ಯಾಂಕ್ಸ್. ಹೋಗಿ ಬಂದ್ವಿ, ಮಾರ್ಚ್ ಮೊದಲನೇ ವಾರ ಶುಕ್ರವಾರ ರಜೆ ಹಾಕಿ. ಸ್ವಲ್ಪ ಉದ್ದ ಬರೀತೀನಿ ಕೇಳ್ದೋರು ನೀವೇ (ಯಾರೂ ಕೇಳಿಲ್ಲ ಗೊತ್ತು).

ಹಿಂದಿನ ರಾತ್ರಿ ಮಳೆ. ಎಡ್ಜ್‌ವುಡ್ ಹತ್ರ ಇಳಿದ ತಕ್ಷಣ ಅಪ್ಪ ಜಾರಿದ್ರು, ಬೀಳ್ಲಿಲ್ಲ, ಆದ್ರೆ ಬೆಣ್ಣೆ ಅಂದಿದ್ದು ಸುಳ್ಳಲ್ಲ. ಅಮ್ಮ ಟೇಬಲ್ ಹತ್ರ ಕೂರ್ತೀನಿ ಅಂದ್ರು, ನನ್ನ ಗಂಡ ಜೊತೆಗೆ ಕೂತ್ರು, ಇಬ್ರೂ ಸೇರಿ ನಾವು ವಾಪಸ್ ಬರೋದ್ರೊಳಗೆ ಚಿತ್ರಾನ್ನ ಅರ್ಧ ಖಾಲಿ ಮಾಡಿದ್ರು. ಕಾಡುಹೂ ಇನ್ನೂ ಬಂದಿರ್ಲಿಲ್ಲ, ಮರದ ನೆರಳಲ್ಲಿ ಮಿಲ್ಕ್‌ಮೇಡ್ಸ್ ಅಂತ ಬಿಳಿ ಪುಟ್ಟ ಹೂ ಬಿಟ್ರೆ ಏನಿಲ್ಲ. ಅಪ್ಪನಿಗೆ ಅದ್ರ ಚಿಂತೆನೇ ಇಲ್ಲ, ಒಂದು ಹಸಿರು ಬಂಡೆ ಸಿಕ್ತು ನೋಡಿ, ಅಲ್ಲೇ ಇಪ್ಪತ್ತು ನಿಮಿಷ. ಸವರೋದು, ಉಗುರಲ್ಲಿ ಕೆರೆಯೋದು, ನೀರು ಹಾಕಿ ನೋಡೋದು. ಪಕ್ಕದಲ್ಲಿ ಹೋಗ್ತಿದ್ದ ಒಬ್ಬ ಅಮೆರಿಕನ್ ಅಜ್ಜ ನಿಂತು ಇದು ನಮ್ಮ ರಾಜ್ಯದ ಅಧಿಕೃತ ಕಲ್ಲು ಅಂದ್ರು. ಅಪ್ಪ ನನ್ನ ಕಡೆ ತಿರುಗಿ "ನೋಡು, ಇವ್ರಿಗೆ ನಾಡಗೀತೆ ತರ ನಾಡಕಲ್ಲು ಇದೆ" ಅಂದ್ರು. ಕಾರುಗಳ ಹೊಗೆ, ಹುಲ್ಲು, ಚಿಟ್ಟೆ ಕಥೆ ಹೇಳ್ದೆ, ಅದಾದ್ಮೇಲೆ ಕೆಳಗೆ 280 ಸದ್ದು ಕೇಳಿದಾಗೆಲ್ಲಾ ಮುಖ ಸಿಂಡರಿಸ್ತಿದ್ರು, ನಾವೂ ಅದ್ರಲ್ಲೇ ಬಂದಿದ್ದು ಅನ್ನೋದು ಮರ್ತು.

ಫಿಲೋಲಿಗೆ ಹೋಗ್ತಾ ಬೋರ್ಡ್ ಓದಿ ಅಪ್ಪ ನಿಜವಾಗ್ಲೂ "ಕನ್ನಡ ರೋಡಾ?" ಅಂತ ಕೇಳಿದ್ರು. ನಾನು ಹೂಂ ಅಂದ್ಬಿಟ್ಟೆ. ಊರಿಗೆ ಫೋನ್ ಮಾಡಿ ಎಲ್ರಿಗೂ ಹೇಳಾಗಿದೆ, ಈಗ ತಿದ್ದಕ್ಕೆ ಧೈರ್ಯ ಇಲ್ಲ.

ತೋಟದಲ್ಲಿ ಅಮ್ಮನ ಮಂಡಿ ಮಾಯ. ಡ್ಯಾಫೊಡಿಲ್ ಹುಲ್ಲಿನ ಮಧ್ಯೆ ಸಾವಿರಾರು, ಅದು ಫೋಟೋಗೆ ಚೆಂದ, ಅಮ್ಮ ಒಂದು ಸಲ ನೋಡಿ ಮುಂದೆ ಹೋದ್ರು. ಕ್ಯಾಮೆಲಿಯಾ ಹತ್ರ ಬಗ್ಗಿ ಮೂಸಿ ನೋಡಿ "ಇಷ್ಟು ಚೆಂದ ಇದೆ, ವಾಸನೇನೇ ಇಲ್ವಲ್ಲೇ, ದೇವ್ರಿಗೆ ಹೇಗೆ ಏರಿಸ್ತಾರೆ" ಅಂತ ಬೇಜಾರು ಮಾಡ್ಕೊಂಡ್ರು. ಆದ್ರೆ ಮ್ಯಾಗ್ನೋಲಿಯಾ ಮರದ ಕೆಳಗೆ ನಿಂತು ಎಸಳು ಕೈಗೆತ್ಕೊಂಡು "ಇದು ಸಂಪಿಗೆ ಜಾತಿ" ಅಂದ್ರು. ನಾನು ಅಲ್ಲ ಅಮ್ಮ ಇದು ಮ್ಯಾಗ್ನೋಲಿಯಾ ಅಂದೆ. ಅಪ್ಪ ಫೋನಲ್ಲಿ ಹುಡ್ಕಿ ನೋಡಿದ್ರೆ ನಮ್ಮ ಸಂಪಿಗೆ ವೈಜ್ಞಾನಿಕ ಹೆಸರೇ ಮ್ಯಾಗ್ನೋಲಿಯಾ ಚಂಪಕ! ಅಮ್ಮ ಅವತ್ತು ರಾತ್ರಿ ತನಕ ಇಬ್ರನ್ನೂ ಬಿಡ್ಲಿಲ್ಲ.

ಮನೆ ಒಳಗೆ ಬೇಗ ಮುಗಿಸಿದ್ವಿ. ಬೆಳ್ಳಿ ಪಾತ್ರೆ ಇಡಕ್ಕೆ ಕೋಣೆಯಷ್ಟು ದೊಡ್ಡ ತಿಜೋರಿ. ಅಮ್ಮ ಅಡುಗೆಮನೆ, ಊಟದ ಮನೆ, ಹಾಲ್ ಎಲ್ಲಾ ಸುತ್ತಿ "ದೇವರಮನೆ ಎಲ್ಲಿ" ಅಂತ ಅಲ್ಲಿದ್ದ ವಾಲಂಟಿಯರ್‌ನ ಕೇಳು ಅಂತ ನನ್ನ ತಿವಿದ್ರು, ಕೇಳ್ಲಿಲ್ಲ. ಡ್ಯಾನ್ಸ್ ಮಾಡೋ ದೊಡ್ಡ ಹಾಲಲ್ಲಿ ಗೋಡೆ ತುಂಬ ಐರ್ಲೆಂಡಿನ ಚಿತ್ರ, ಮಕ್ರಾಸ್ ಅನ್ನೋ ಎಸ್ಟೇಟಿಂದು. ಆಗ ವಾಲಂಟಿಯರ್ ಹೇಳಿದ ಕಥೆ ನಂಗೆ ಮನಸ್ಸಲ್ಲಿ ಉಳೀತು. ಬೋರ್ನ್‌ಗೆ ಒಬ್ಳೇ ಮಗಳು, ಮಾಡ್ ಅಂತ, ಐರ್ಲೆಂಡಿನೋನನ್ನ ಮದುವೆ ಆದ್ಳು, ಅಪ್ಪ ಅವ್ಳಿಗೆ ಆ ಮಕ್ರಾಸ್ ಎಸ್ಟೇಟನ್ನೇ ಉಡುಗೊರೆ ಕೊಟ್ಟ. ಅಲ್ಲಿಂದ ಯೂ ಮರದ ಕಡ್ಡಿ ತರಿಸಿ ನೆಟ್ಟಿದ್ದೇ ಈ ಇನ್ನೂರು ಚಿಲ್ಲರೆ ಮರಗಳು, ನೆಟ್ಟಗೆ ಕಂಬದ ತರ ನಿಂತಿವೆ. ಮಗಳು 1929ರಲ್ಲಿ ತೀರ್ಕೊಂಡ್ಳು. ಅಳಿಯ, ಅತ್ತೆ ಮಾವ ಸೇರಿ 1932ರಲ್ಲಿ ಮಕ್ರಾಸನ್ನ ಐರ್ಲೆಂಡ್ ದೇಶಕ್ಕೇ ಬಿಟ್ಕೊಟ್ರು, ಅದೇ ಅಲ್ಲಿನ ಮೊದಲ ನ್ಯಾಷನಲ್ ಪಾರ್ಕ್. ಬೋರ್ನ್‌ಗೆ ಅಷ್ಟೊತ್ತಿಗೆ ಲಕ್ವ ಹೊಡೆದು ಗಾಲಿಕುರ್ಚಿ. 1936ರಲ್ಲಿ ಗಂಡ ಹೆಂಡತಿ ಇಬ್ರೂ ಹೋದ್ರು, ಎಸ್ಟೇಟಿನ ಗುಡ್ಡದ ಮೇಲೇ ಸಮಾಧಿ ಇದೆ.

ಇಷ್ಟನ್ನ ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳ್ತಾ ಆ ಯೂ ಸಾಲಲ್ಲಿ ನಡ್ಕೊಂಡು ಹೋದೆ, ಕೊನೇಲಿ ಮೆಟ್ಲು ಹತ್ತಿದ್ರೆ ಕಂಬಗಳಿರೋ ಒಂದು ಎತ್ತರದ ಜಾಗ, ಅಲ್ಲಿ ಕೂತ್ವಿ. ಅಮ್ಮ ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಮಗಳ ಮನೆ ಗಿಡ ತಂದು ಹಾಕ್ಕೊಂಡಿದಾನೆ ಪಾಪ" ಅಂದ್ರು. ನಂಗೆ ಗಂಟಲು ಕಟ್ಟಿದಂಗಾಯ್ತು, ಏನೂ ಹೇಳ್ಲಿಲ್ಲ. ಅಪ್ಪ ಮಾತ್ರ ದೂರದಲ್ಲಿ ಒಬ್ಬ ಮಾಲಿಯನ್ನ ಹಿಡ್ಕೊಂಡು ತಮ್ಮ ಇಂಗ್ಲಿಷಲ್ಲಿ ಗೊಬ್ಬರದ ವಿಷಯ ಮಾತಾಡ್ತಿದ್ರು, ಅರ್ಧ ಗಂಟೆ.

ಎಸ್ಟೇಟ್ ಟ್ರೇಲನ್ನೂ ಮಾಡಿದ್ವಿ, ರೆಡ್‌ವುಡ್ ನೆರಳು, ಆಮೇಲೆ ಬಯಲು. ಅಮ್ಮನೂ ಪೂರ್ತಿ ನಡೆದ್ರು. ಫಾಲ್ಟ್ ಇಲ್ಲೇ ಎಲ್ಲೋ ಅಂತ ಅಪ್ಪನಿಗೆ ಹೇಳಿದ್ದೇ ತಡ ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟು ಫೋಟೋ ತೆಗ್ಸಿಕೊಂಡ್ರು. ಟಿಕೆಟ್ ದುಡ್ಡಿನ ವಿಷಯ ಅಲ್ಲಿಗೆ ನಿಲ್ತು. ಗುಲಾಬಿಗೆ ಮೇನಲ್ಲಿ ಮತ್ತೆ ಹೋಗೋಣ್ವಾ ಅಂತ ಅವ್ರೇ ಕೇಳ್ತಿದಾರೆ, ಆದ್ರೆ ಅಷ್ಟೊತ್ತಿಗೆ ರಿಟರ್ನ್ ಟಿಕೆಟ್ ಆಗಿರತ್ತೆ.

ಬಂಗಾರಪೇಟೆ_ಹುಡ್ಗ:

ಎಷ್ಟು ಜನ ಮಾಲಿಗಳವ್ರೆ ಅಂತ ನಿಮ್ಮಪ್ಪ ಕೇಳಿದ್ರಾ?

ಸಾಗರದವಳು:

ಅದನ್ನೇ ಮೊದ್ಲು ಕೇಳಿದ್ದಂತೆ! ಅವ್ರು ಹೇಳಿದ ಸಂಖ್ಯೆ ಮರ್ತೋಗಿದೆ ಅಂತಾರೆ, "ಸಾಲಲ್ಲ" ಅನ್ನೋದು ಮಾತ್ರ ನೆನಪಿದೆ.

ಹುಬ್ಬಳ್ಳಿ_ಹೈಕರ್:

ಅಕ್ಕಾರ ಅಮ್ಮನ ವ್ಯಾನಿಟಿ ಬ್ಯಾಗ್ ಚೆಕ್ ಮಾಡ್ರಿ. ನಮ್ಮವ್ವ ಹೋದಲ್ಲೆಲ್ಲಾ ಒಂದ್ ಕಡ್ಡಿ ಮುರ್ಕೊಂಡ ಬರ್ತಾಳ, ಕದ್ದ ಗಿಡ ಛಲೋ ಹತ್ತತಾವ ಅಂತ. ಏರ್‌ಪೋರ್ಟಿನ್ಯಾಗ ಹಿಡೀತಾರ ಮತ್ತ, ಗಿಡ ಬೀಜ ಎಲ್ಲಾ ಕೇಳ್ತಾರ.

ಸಾಗರದವಳು:

ಬ್ಯಾಗಲ್ಲಿ ಏನೂ ಇರ್ಲಿಲ್ಲ. ಆದ್ರೆ ನಿಮ್ಮ ಮೆಸೇಜ್ ನೋಡಿ ಎದ್ದು ಹೋಗಿ ನೋಡಿದ್ರೆ ಅಡುಗೆಮನೆ ಕಿಟಕಿ ಹತ್ರ ಹಾರ್ಲಿಕ್ಸ್ ಬಾಟ್ಲಲ್ಲಿ ನೀರು ಹಾಕಿ ಒಂದು ಕಡ್ಡಿ ನಿಲ್ಸಿದಾರೆ. ಎಲ್ಲಿಂದು ಅಂದ್ರೆ ಪಕ್ಕದ್ಮನೆಯವ್ರು ಕೊಟ್ಟಿದ್ದು ಅಂತಾರೆ. ಪಕ್ಕದ್ಮನೆ ಖಾಲಿಯಾಗಿ ಒಂದು ತಿಂಗಳಾಯ್ತು.